ಎಡಗೈ ಗಂಟು

ಗ್ಯಾರೇಜಿನಿಂದ,
ಮಂಗಳವಾರ, ಊಟದ ಹೊತ್ತು

ಪರದೆಯ ಹಗ್ಗ ಹಿಡಿದ ಕೈಯಲ್ಲೇ ಒಂದು ಕಾಲಕ್ಕೆ ನನ್ನ ಕೈಯನ್ನೂ ಹಿಡಿದಿದ್ದ ಮಹಾರಾಯರಿಗೆ,

‘ಪ್ರೀತಿಯ’ ಎಂದು ಬರೆಯಹೊರಟೆ, ಪೆನ್ನು ಒಪ್ಪಲಿಲ್ಲ. ‘ಕ್ಷೇಮ’ ಎಂದು ಶುರು ಮಾಡೋಣವೆಂದರೆ ನಿಮ್ಮ ಕ್ಷೇಮ ಬೇಡವೆಂದರೂ ನಿಮ್ಮ ಅಕ್ಕನ ಬಾಯಿಂದ ನನ್ನ ಕಿವಿಗೆ ಬೀಳುತ್ತದೆ, ನನ್ನ ಕ್ಷೇಮ ನಿಮಗೆ ಬೇಕಿಲ್ಲ. ಆದ್ದರಿಂದ ನಾಂದಿ ಬಿಟ್ಟು ನೇರ ಮೊದಲನೇ ಅಂಕಕ್ಕೇ ಬರುತ್ತೇನೆ.

ನಿಮ್ಮ ವ್ಯಾನು ನನ್ನ ಗ್ಯಾರೇಜಿಗೆ ಬಂತು. ತನ್ನ ಕಾಲ ಮೇಲೆ ಬಂತೇ? ಇಲ್ಲ. ಲಾರಿಯೊಂದರ ಬೆನ್ನೇರಿ, ಹಿಂದಿನ ಎಡ ಮಗ್ಗುಲನ್ನು ನೆಲಕ್ಕಿಳಿಸಿಕೊಂಡು, ಕೊನೆಯ ದೃಶ್ಯದಲ್ಲಿ ಒಂದು ಮೊಣಕಾಲೂರಿ ಮಾತಾಡುತ್ತಲೇ ಇರುವ, ಸಾಯಲೊಲ್ಲದ ರಾಜನ ಹಾಗೆ ಬಂತು. ನಡೆಯಲಾಗದವರನ್ನು ಗಾಲಿಕುರ್ಚಿ ಸಮೇತ ಹತ್ತಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದು, ಮತ್ತೆ ಮನೆ ಬಾಗಿಲಿಗೆ ಬಿಡುವ ವ್ಯಾನು. ಅದರ ಹಿಂದಿನ ಚಕ್ರಗಳ ಮೇಲೆ ಕಬ್ಬಿಣದ ಸ್ಪ್ರಿಂಗಿಲ್ಲ, ಗಾಳಿ ತುಂಬಿದ ಎರಡು ರಬ್ಬರು ಚೀಲಗಳಿವೆ. ಆ ಚೀಲಗಳಿಗೆ ಉಸಿರು ಕೊಡುವುದು ಒಂದು ಪುಟ್ಟ ಕಂಪ್ರೆಸರ್. ಇದನ್ನೆಲ್ಲ ಅದರ ಡ್ರೈವರಿಗೇ ಯಾಕೆ ಹೇಳುತ್ತಿದ್ದಾಳೆ ಎಂದು ಹುಬ್ಬು ಗಂಟಿಕ್ಕಬೇಡಿ. ನನ್ನಪ್ಪ ಹೇಳುತ್ತಿದ್ದದ್ದು ನೆನಪಿದೆಯಲ್ಲ, ಕಥೆ ಕೊನೇ ಸಾಲಿನಲ್ಲಿ ಕೂತವರಿಗೂ ಕೇಳಿಸಬೇಕು.

ವ್ಯಾನಿನ ಜೊತೆ ಆಸ್ಪತ್ರೆಯ ಮ್ಯಾನೇಜರ್ರೂ ಬಂದಿದ್ದರು. ಇಸ್ತ್ರಿಯ ಗೆರೆ ಮುರಿಯಬಾರದೆಂದು ಕುರ್ಚಿಯಲ್ಲಿ ಕೂರದ ಮನುಷ್ಯ. ಕಂಪ್ರೆಸರ್ ಹೋಗಿದೆ, ನಮ್ಮ ಡ್ರೈವರೇ ಹೇಳಿದ್ದಾನೆ, ಅನುಭವಸ್ಥ, ಹಳೆಯದು ಬಿಚ್ಚಿ ಹೊಸದು ಹಾಕಿಕೊಡಿ, ಬೇರೇನೂ ನೋಡುವುದು ಬೇಡ ಎಂದರು. ಬೇರೇನೂ ನೋಡಬೇಡಿ ಎನ್ನುವುದೂ ಡ್ರೈವರೇ ಹೇಳಿದ್ದೋ ಎಂದು ಕೇಳಿದೆ. ಹೌದೆಂದರು. ನಾನು ಯಾರೆಂದು ಅವರಿಗೆ ಗೊತ್ತಿಲ್ಲ. ಈ ಬೀದಿಯವರಿಗೆ ನಾನು ಗಾಳಿಯಮ್ಮ, ಗಾಳಿಯ ಮೇಲೆ ನಿಲ್ಲುವ ಗಾಡಿ ಕೆಟ್ಟರೆ ಊರಿನಲ್ಲಿ ಇರುವುದು ನನ್ನದೊಂದೇ ಗ್ಯಾರೇಜು, ಅಷ್ಟೇ ಅವರಿಗೆ ಗೊತ್ತು. ನಿಮಗಿರುವ ಕಷ್ಟವೂ ಅದೇ ಅಲ್ಲವೇ? ಬೇರೆ ಕಡೆ ಕಳಿಸಲು ದಾರಿಯೇ ಇರಲಿಲ್ಲ.

ಮ್ಯಾನೇಜರ್ರ ಕಾರು ಬೀದಿಯ ಮೂಲೆ ತಿರುಗಿತೋ ಇಲ್ಲವೋ, ನಿಮ್ಮ ಅಕ್ಕ ಪ್ರವೇಶ. ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ, ಮುಖದಲ್ಲಿ ಕರುಣರಸ. ನನ್ನ ಆರೋಗ್ಯ ವಿಚಾರಿಸಿದರು, ಗ್ಯಾರೇಜಿನ ಗೋಡೆಗೆ ಸುಣ್ಣ ಹೊಡೆಸಬಾರದೇ ಎಂದರು, ತಮ್ಮ ಮಂಡಿನೋವಿನ ಪುರಾಣ ಓದಿದರು. ನಮ್ಮ ವೈರಿನ ಕೆಲಸ ಮಾಡುವ ಮಾವ ನಿಮಗೆ ಗೊತ್ತಲ್ಲ, ತಂತಿ ಮಾವ, ಅವರು ಬಾನೆಟ್ಟಿನೊಳಗಿಂದ ತಲೆ ಎತ್ತದೆಯೇ, “ಹಣ್ಣು ಸಿಪ್ಪೆ ಸುಲಿದಾಯ್ತು, ಇನ್ನು ತೊಳೆ ಕೊಡಮ್ಮ,” ಅಂದರು. ಆಗ ವಿಷಯ ಹೊರಬಂತು. ಮ್ಯಾನೇಜರ್ ಕೇಳಿದರೆ, ಕಂಪ್ರೆಸರ್ ಹಳೆಯದಾಗಿತ್ತು, ತಾನಾಗಿಯೇ ಹೋಯಿತು, ಕಳೆದ ವಾರ ನಡೆದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದಷ್ಟೇ ನಾನು ಹೇಳಬೇಕಂತೆ.

“ಗಂಡ ಅಲ್ವೇನಮ್ಮ? ಒಂದು ಮಾತು ಹೇಳಿದ್ರೆ ನಾಲಿಗೆ ಸವೆಯುತ್ತಾ?” ಎಂದರು. ಆಮೇಲೆ ದನಿ ತಗ್ಗಿಸಿ, “ಹಾಗೆ ಹೇಳಿದ್ರೆ ಅವನು ಮನೆಗೂ ವಾಪಸ್ ಬರ್ತಾನಂತೆ.”

ಬಹುಮಾನ ನೋಡಿ! ಸುಳ್ಳಿಗೆ ಸಂಬಳವಾಗಿ ಗಂಡ.

ಕಳೆದ ವಾರ ನಡೆದದ್ದು ಇಡೀ ಊರಿಗೆ ಗೊತ್ತು. ನಿವೃತ್ತ ಹೆಡ್‌ಮಾಸ್ಟರ್ರನ್ನು ಅವರ ಮನೆ ಮುಂದೆ ಇಳಿಸುವಾಗ, ವ್ಯಾನಿನ ಹಿಂಬಾಗಿಲಿನ ಇಳಿಜಾರು ಹಲಗೆಯಿಂದ ಗಾಲಿಕುರ್ಚಿ ಪಕ್ಕಕ್ಕೆ ಮಗುಚಿ, ಅವರ ಸೊಂಟದ ಮೂಳೆ ಮುರಿಯಿತು. ತಪ್ಪು ಯಾರದು? ಕುರ್ಚಿ ಹಿಡಿದಿದ್ದ ಆಯಾಳದು. ಚಕ್ರದ ಬ್ರೇಕು ಹಾಕಿರಲಿಲ್ಲ, ಗಮನ ಎಲ್ಲೋ ಇತ್ತು. ಹೀಗೆಂದು ಸಾಕ್ಷಿ ನುಡಿದವರು ಯಾರು? ಸ್ಟಿಯರಿಂಗಿನ ಮುಂದೆ ಕೂತು ಬೆನ್ನು ತಿರುಗಿಸಿದ್ದ ಡ್ರೈವರು. ಆಯಾ ಕೆಲಸ ಕಳೆದುಕೊಂಡಳು. ವ್ಯಾನು ಮಾರನೆಯ ದಿನ ಕೆಟ್ಟಿತು ಎಂದಿರಿ. ಮಾರನೆಯ ದಿನ! ಕೇಳಿದವರೆಲ್ಲ ಬೇರೆ ಬೇರೆ ವಿಷಯ ಎಂದುಕೊಂಡರು.

ನಿಮ್ಮ ಅಕ್ಕನಿಗೆ ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮೊದಲು ಗಾಡಿ ನೋಡುತ್ತೇನೆ ಎಂದೆ. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನ್ನ ಮನಸ್ಸು ನಿಮ್ಮ ಕಡೆಗೇ ಇತ್ತು. ಕಂಪ್ರೆಸರ್ ವಯಸ್ಸಾಗಿಯೇ ಸತ್ತಿರಲಿ, ಭಗವಂತ, ಇದೊಂದು ಸಲ ಈ ಮನುಷ್ಯ ನಿಜ ಹೇಳಿರಲಿ ಎಂದುಕೊಂಡೇ ಸ್ಪ್ಯಾನರ್ ಎತ್ತಿಕೊಂಡೆ.

ಇನ್ನು ಎರಡನೇ ಅಂಕ.

ಮೊದಲು ಕಂಪ್ರೆಸರಿನ ಪ್ಲಗ್ಗು ಬಿಚ್ಚಿ ಟೆಸ್ಟ್ ಲ್ಯಾಂಪು ಹಿಡಿದೆ. ದೀಪ ಉರಿಯಿತು. ಕರೆಂಟು ಮನೆ ಬಾಗಿಲಿಗೆ ಬಂದು ಕರೆಯುತ್ತಿದೆ, ಒಳಗಿನವನು ಓಗೊಡುತ್ತಿಲ್ಲ. ತಂತಿ ಮಾವ ಮೂಗು ಹತ್ತಿರ ತಂದು, ಸುಟ್ಟ ವಾಸನೆ, ಸತ್ತಿದೆ, ಮುಂದಿನ ಕಾರ್ಯ ಮಾಡಿ ಎಂದರು. ಸತ್ತಿದೆ ಎನ್ನಲು ನಾನ್ಯಾಕೆ ಬೇಕು ಮಾವ, ದಾರಿಹೋಕರೂ ಹೇಳುತ್ತಾರೆ. ಹೇಗೆ ಸತ್ತಿತು ಅನ್ನುವುದಲ್ಲವೇ ನಮ್ಮ ಕಸುಬು? ಬಿಚ್ಚಿದೆ. ಒಳಗೆ ಪಿಸ್ಟನ್ನಿನ ಉಂಗುರ ಸವೆದು ಕಪ್ಪು ಹಿಟ್ಟಾಗಿತ್ತು. ಮೋಟರಿನ ಸುರುಳಿ ಬೆಂದು ಕರಕಲಾಗಿತ್ತು. ಹೊರಗಿನ ಮೈ ಮಾತ್ರ ಇನ್ನೂ ಹೊಸದರ ಹಾಗೆ, ಬಣ್ಣ ಕೂಡ ಮಾಸಿಲ್ಲ. ಇದು ಮುಪ್ಪಿನ ಸಾವಲ್ಲ, ದುಡಿಸಿ ಕೊಂದ ಸಾವು. ಬೆಳಿಗ್ಗೆ ಒಂದಿಷ್ಟು ಹೊತ್ತು ಉಸಿರೂದಿ ಸುಮ್ಮನಾಗಬೇಕಾದ ಯಂತ್ರ, ದಿನವಿಡೀ ಬಿಡುವಿಲ್ಲದೆ ಊದಿ ಊದಿ ಸತ್ತಿದೆ.

ಯಾಕೆ ಊದುತ್ತಲೇ ಇತ್ತು? ಎಲ್ಲೋ ಸೋರುತ್ತಿತ್ತು, ಅದಕ್ಕೆ. ಈ ಪಾಠ ಇಬ್ಬರೂ ಒಟ್ಟಿಗೆ ಕಲಿತದ್ದು. ಸೋರಿಕೆ ಹುಡುಕದೆ ಹೊಸ ಕಂಪ್ರೆಸರ್ ಹಾಕಿದರೆ ಅದಕ್ಕೂ ಅದೇ ಗತಿ. ನಮ್ಮ ಸಂಸಾರದಲ್ಲಿ ಊದುವ ಕೆಲಸ ಯಾರದಾಗಿತ್ತು ಎಂದು ಇಲ್ಲಿ ಸಂಭಾಷಣೆ ಹೊಡೆಯಬಹುದಿತ್ತು. ಹೊಡೆಯುವುದಿಲ್ಲ. ಅದಕ್ಕೆ ಚಪ್ಪಾಳೆ ತಟ್ಟುವವರು ಯಾರೂ ಉಳಿದಿಲ್ಲ.

ಗ್ಯಾರೇಜಿನ ಗಾಳಿ ಪೈಪನ್ನೇ ನೇರವಾಗಿ ಎರಡೂ ಚೀಲಕ್ಕೆ ಜೋಡಿಸಿದೆ. ವ್ಯಾನು ಎದ್ದು ನಿಂತಿತು, ಪಟ್ಟಾಭಿಷೇಕಕ್ಕೆ ಸಿದ್ಧನಾದವನ ಹಾಗೆ ಎದೆಯುಬ್ಬಿಸಿ. ಪೈಪು ಮುಚ್ಚಿ ನಾನೂ ಮಾವನೂ ಚಹಾ ಕುಡಿದು ಬಂದೆವು. ಬಲಗಡೆ ಹಾಗೇ ಇತ್ತು. ಎಡಗಡೆ ಬಾಗಿತ್ತು. ಸೋಪಿನ ನೀರು ಚಿಮುಕಿಸೋಣವೆಂದು ಎಡ ಚಕ್ರದ ಕಮಾನಿನೊಳಗೆ ಟಾರ್ಚು ಬಿಟ್ಟರೆ, ಅಲ್ಲಿ ಚೀಲ ಕಾಣುವುದಿಲ್ಲ, ಬಟ್ಟೆ ಕಾಣುತ್ತದೆ. ಮಡಿಕೆ ಬೀಳುವ ಜಾಗದಲ್ಲಿ ರಬ್ಬರಿನ ತುಂಡು ಅಂಟಿಸಿ, ಅದರ ಮೇಲೆ ದಪ್ಪ ಕ್ಯಾನ್ವಾಸಿನ ಪಟ್ಟಿ ಸುತ್ತಿ ಸುತ್ತಿ ಬಿಗಿದಿದೆ. ಪಟ್ಟಿ ಒಂದು ಕಡೆಯಿಂದ ಜಾರಿದೆ. ಜಾರಿದ ಜಾಗದಲ್ಲಿ ಸೋಪಿನ ನೊರೆ ಮಗುವಿನ ಬಾಯಿಯ ಜೊಲ್ಲಿನಂತೆ ಬುಳುಬುಳು ಉಕ್ಕಿತು.

ಸೈಕಲ್ಲಿನ ಟ್ಯೂಬಿಗೆ ಪ್ಯಾಚು ಹಾಕುತ್ತಾರೆ. ಮನುಷ್ಯರನ್ನು ಹೊರುವ ಗಾಳಿಚೀಲಕ್ಕೆ ಹಾಕುತ್ತಾರೆಯೇ? ಪ್ರತಿ ಸಲ ಮೇಲೇಳುವಾಗ ಕೆಳಗಿಳಿಯುವಾಗ ಮಡಚಿ ಬಿಚ್ಚಿಕೊಳ್ಳುವ ರಬ್ಬರು ಅದು. ಜಗತ್ತಿನ ಯಾವ ಮೆಕ್ಯಾನಿಕ್ಕೂ ಮಾಡದ ಕೆಲಸ. ಒಬ್ಬ ಮಾತ್ರ ಮಾಡುತ್ತಾನೆ. ಪರದೆ ಬೀಳುವವರೆಗೆ ನಿಂತರೆ ಸಾಕು ಎನ್ನುವವನು.

ಆಗ ಚಾಲಕನ ಸೀಟಿಗೆ ಹೋಗಿ ಕೂತೆ. ಎಚ್ಚರಿಕೆಯ ಕೆಂಪು ದೀಪ ಇರಬೇಕಾದ ಜಾಗವನ್ನು ಬೆರಳಿನಿಂದ ಸವರಿದೆ. ಕಪ್ಪು ಟೇಪು. ದೀಪಕ್ಕೂ ಪರದೆ ಎಳೆದುಬಿಟ್ಟಿದ್ದೀರಿ.

ಇದೇ ಹೊತ್ತಿಗೆ ಆಯಾ ಬಂದಳು. ವ್ಯಾನು ಇಲ್ಲಿದೆ ಎಂದು ಯಾರೋ ಹೇಳಿದ್ದರಂತೆ. ಒಳಗೆ ಬರದೆ, ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ನಿಂತಿದ್ದಳು, ಎಣ್ಣೆ ಮೆತ್ತಿದ ಗ್ಯಾರೇಜಿಗೆ ಚಪ್ಪಲಿ ಬಿಟ್ಟು ಬರುವವರನ್ನು ನಾನು ಮೊದಲ ಸಲ ನೋಡಿದ್ದು. ತನಗೆ ಕೆಲಸ ವಾಪಸ್ ಕೊಡಿಸಿ ಎಂದು ಕೇಳಲಿಲ್ಲ. ಹೆಡ್‌ಮಾಸ್ಟರ್ರು ಆಸ್ಪತ್ರೆಯಲ್ಲಿ ತನ್ನನ್ನು ನೋಡಿ ಮುಖ ತಿರುಗಿಸಿದರು, ಅದೊಂದು ತಡೆಯಲಾಗುತ್ತಿಲ್ಲ ಎಂದಳು. ಅವರು ಇವಳಿಗೆ ಓದು ಬರಹ ಕಲಿಸಿದವರಂತೆ. ಆಮೇಲೆ ಕೇಳಿದಳು:

“ನಾನು ಎರಡೂ ಬ್ರೇಕ್ ಹಾಕಿದ್ದೆ ಅಕ್ಕ. ನೆಲವೇ ಬಗ್ಗಿತು. ನೆಲ ಬಗ್ಗಿತು ಅಂದ್ರೆ ಹುಚ್ಚಿ ಅಂತಾರೆ. ಈ ಗಾಡಿ ತಾನಾಗೇ ಬಗ್ಗುತ್ತಾ? ನೀವೊಬ್ರು ಹೇಳಿ ಸಾಕು.”

ನಾನು ಬಾಯಲ್ಲಿ ಹೇಳಲಿಲ್ಲ. ಚೀಲಕ್ಕೆ ಮತ್ತೆ ಗಾಳಿ ತುಂಬಿ ವ್ಯಾನನ್ನು ನೆಟ್ಟಗೆ ನಿಲ್ಲಿಸಿ ಹಿಂಬಾಗಿಲ ಹಲಗೆ ಬಿಚ್ಚಿಸಿದೆ, ಖಾಲಿ ಗಾಲಿಕುರ್ಚಿಯೊಂದನ್ನು ಮೇಲೆ ನಿಲ್ಲಿಸಿದೆ, ಎರಡೂ ಬ್ರೇಕನ್ನು ಅವಳ ಕೈಯಿಂದಲೇ ಹಾಕಿಸಿದೆ. ಮಾವ ಆ ಪಟ್ಟಿಯನ್ನು ಬೆರಳಿನಿಂದ ಇನ್ನಷ್ಟು ಸರಿಸಿದರು. ಉಸ್ ಎಂದಿತು. ಎಡಗಡೆ ಕುಸಿಯಿತು, ಹಲಗೆ ಓರೆಯಾಯಿತು, ಬ್ರೇಕು ಹಾಕಿದ ಕುರ್ಚಿ ಬ್ರೇಕು ಹಾಕಿದ ಹಾಗೇ ಪಕ್ಕಕ್ಕೆ ಮಗುಚಿತು. ಅವಳು ಅಳಲಿಲ್ಲ. ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಸೀಟಿನ ಧೂಳು ಕೊಡವಿದಳು. ಅಭ್ಯಾಸಬಲ.

ಇಷ್ಟಕ್ಕೇ ನಿಂತಿದ್ದರೆ ಈ ಪತ್ರ ಇಷ್ಟು ಉದ್ದವಾಗುತ್ತಿರಲಿಲ್ಲ. ಮೂರನೇ ಅಂಕ ನಿಮಗೆ ಗೊತ್ತಿಲ್ಲ. ಗಟ್ಟಿಯಾಗಿ ಕೂತುಕೊಳ್ಳಿ.

ಸತ್ತ ಚೀಲವನ್ನು ಕಳಚಿ ಬೆಂಚಿನ ಮೇಲಿಟ್ಟು ಆ ಪಟ್ಟಿಯ ಗಂಟನ್ನು ನೋಡಿದೆ. ಪರದೆ ಹಗ್ಗದ ಗಂಟು. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು, ಅಲ್ಲಿಯವರೆಗೆ ಆನೆ ಎಳೆದರೂ ಬಿಚ್ಚಬಾರದು. ನಮ್ಮಪ್ಪನ ನಾಟಕ ಕಂಪನಿಯಲ್ಲಿ ಎಲ್ಲರಿಗೂ ಬರುತ್ತಿತ್ತು, ನನಗೂ ಬರುತ್ತದೆ. ಆದರೆ ಎಲ್ಲರ ಗಂಟಿನ ಬಾಲ ಬಲಕ್ಕೆ ಬೀಳುತ್ತಿತ್ತು. ಎಡಗೈಯವರು ನೀವೊಬ್ಬರೇ. ಬಾಲ ಎಡಕ್ಕೆ ಬಿದ್ದು, ಮತ್ತೆ ಒಳಗೆ ಸಿಕ್ಕಿಸಿಕೊಂಡಿರುತ್ತಿತ್ತು, ನಾಚಿಕೊಂಡವರ ಹಾಗೆ. ಮದುವೆಗೆ ಮುಂಚೆ ನನಗೆ ಅದು ಬಹಳ ಚೆಂದ ಕಾಣುತ್ತಿತ್ತು.

ಆ ಗಂಟಿನದೇ ಆಕಾರದ ಉಬ್ಬೊಂದನ್ನು, ಬಣ್ಣದ ಅಡಿಯಲ್ಲಿ, ಎಲ್ಲೋ ನೋಡಿದ್ದೇನೆ ಅನ್ನಿಸಿತು. ಹಳೆಯ ಕಾಲದಲ್ಲಲ್ಲ, ಅವತ್ತೇ, ಬೆಳಿಗ್ಗೆ. ತಲೆ ಎತ್ತಿದೆ. ಗ್ಯಾರೇಜಿನ ಬಾಗಿಲು ಗಾಳಿಗೆ ಬಡಿದುಕೊಳ್ಳದ ಹಾಗೆ ಆಸರೆ ಕೊಟ್ಟಿರುವ ಮರದ ಕಾಲು. ಅಪ್ಪನ ಸಿಂಹಾಸನದ ಕಾಲು!

ಆ ರಾತ್ರಿಯ ಆಟವನ್ನು ನೀವು ಮರೆತಿರಲಾರಿರಿ. ಬದುಕಿಡೀ ಖಳನಾಯಕನಾಗಿದ್ದ ನನ್ನಪ್ಪನಿಗೆ ಕಡೆಗೊಮ್ಮೆ ರಾಜನ ಪಾತ್ರ ಸಿಕ್ಕಿತ್ತು. ಕಿರೀಟ ಹೊತ್ತು, ಮೀಸೆ ತಿರುವಿ, ದರ್ಬಾರಿನ ನಡುವೆ ಬಂದು ಸಿಂಹಾಸನದ ಮೇಲೆ ಕೂತ. ಕಾಲು ಮುರಿಯಿತು. ರಾಜ ಅಂಗಾತ ಬಿದ್ದ, ಕಿರೀಟ ಉರುಳಿಕೊಂಡು ಪ್ರೇಕ್ಷಕರ ಮಧ್ಯೆ ಹೋಯಿತು. ನೆರೆದವರ ನಗು ಡೇರೆ ಹರಿಯುವ ಹಾಗಿತ್ತು. ನೀವು ಪರದೆ ಎಳೆದಿರಿ, ಎಂದೂ ಇಲ್ಲದಷ್ಟು ಬೇಗ. ಕಾಲಿಗೆ ಮೊದಲೇ ಬಿರುಕಿತ್ತು, ಯಾರೋ ಬಟ್ಟೆ ಸುತ್ತಿ ಮೇಲೆ ಬಂಗಾರದ ಬಣ್ಣ ಬಳಿದಿದ್ದರು. ಯಾರೋ ಏನು, ಕಂಪನಿಯ ಬಡಗಿ, ಇನ್ಯಾರು! ಅವನು ನಾನಲ್ಲ ನಾನಲ್ಲ ಎಂದು ಅತ್ತ. ಬೆಳಗಾಗುವುದರೊಳಗೆ ಅವನ ಗಂಟುಮೂಟೆ ಹೊರಗೆ ಬಿತ್ತು. ನೀವು ಪಕ್ಕದಲ್ಲೇ ನಿಂತಿದ್ದಿರಿ.

ಅಪ್ಪ ಮಾತ್ರ ಬಡಗಿಯನ್ನೂ ಬೈಯಲಿಲ್ಲ. “ನಾನೇ ಭಾರ ಆದೆ ಕಣೇ,” ಅಂದ. ಅಷ್ಟೇ. ಮತ್ತೆ ರಂಗ ಹತ್ತಲಿಲ್ಲ. ಊಟಕ್ಕೆ ಕೂತರೆ ಅರ್ಧಕ್ಕೇ ಕೈ ತೊಳೆಯುತ್ತಿದ್ದ. ಬಡಿಸಲು ಹೋದರೆ, ಸಾಕು, ಸಿಂಹಾಸನ ತಡೆಯಬೇಕಲ್ಲ ಎಂದು ನಗುತ್ತಿದ್ದ. ನಾವೂ ನಗುತ್ತಿದ್ದೆವು, ನೀವೂ ಸೇರಿ. ಮಂಚ ಹಿಡಿದಾಗ ಆ ಖಳನಾಯಕನ ಮೈಯಲ್ಲಿ ಎಲುಬಷ್ಟೇ ಉಳಿದಿತ್ತು. ಆ ಮರದ ಕಾಲನ್ನು ಅವನೇ ಇಟ್ಟುಕೊಂಡಿದ್ದ, ತನ್ನ ರಾಜ್ಯದಲ್ಲಿ ಉಳಿದದ್ದು ಇಷ್ಟೇ ಎಂದು. ಅವನು ಹೋದಮೇಲೆ ನಾನು ಬಾಗಿಲಿಗೆ ಆಸರೆ ಇಟ್ಟೆ.

ಅದನ್ನು ತಂದು ಚೀಲದ ಪಕ್ಕ ಮಲಗಿಸಿದೆ. ಬಂಗಾರದ ಬಣ್ಣವನ್ನು ಚಾಕುವಿನಿಂದ ಕೆರೆದೆ. ಪಟ್ಟಿ ಬಂತು. ಪಟ್ಟಿಯ ಕೊನೆಗೆ ಗಂಟು ಬಂತು. ಬಾಲ ಎಡಕ್ಕೆ, ಒಳಗೆ ಸಿಕ್ಕಿಸಿಕೊಂಡಿದೆ, ನಾಚಿಕೊಂಡವರ ಹಾಗೆ.

ತಂತಿ ಮಾವ ಎರಡು ಗಂಟಿನ ಮೇಲೂ ಬೆರಳಾಡಿಸಿದರು. ಆಮೇಲೆ, ನಿನ್ನಪ್ಪ ಮಹಾರಾಯ ಹೊಟ್ಟೆ ತುಂಬ ಉಣ್ಣಬಹುದಿತ್ತಲ್ಲೇ ಎಂದರು. ನಾನು ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದು ಬಂದೆ. ಸೋಪು ಕಣ್ಣಿಗೆ ಬಿದ್ದಿತ್ತು.

ಬಿರುಕು ಬಿಟ್ಟದ್ದಕ್ಕೆ ನಿಮ್ಮನ್ನು ದೂರುವುದಿಲ್ಲ. ಮರ ಬಿರಿಯುತ್ತದೆ, ರಬ್ಬರು ಹರಿಯುತ್ತದೆ. ಪಟ್ಟಿ ಕಟ್ಟಿದ್ದನ್ನೂ ಒಂದು ಲೆಕ್ಕಕ್ಕೆ ಮನ್ನಿಸಬಹುದೇನೋ, ರಟ್ಟಿನ ಕಿರೀಟ, ಇಟ್ಟಿಗೆ ಕೊಟ್ಟು ನಿಲ್ಲಿಸಿದ ಮಂಚ, ಹೊಲಿದ ಆಕಾಶ, ಇವುಗಳ ನಡುವೆ ಬೆಳೆದವರು ನಾವಿಬ್ಬರೂ. ಆದರೆ ಎರಡು ಸಲವೂ ಬಿದ್ದವರನ್ನು ನೋಡಿದಿರಿ, ಹೊರಹಾಕಿಸಿಕೊಂಡವರನ್ನು ನೋಡಿದಿರಿ, ಹಗ್ಗ ಎಳೆದು ಪರದೆ ಮುಚ್ಚಿದಿರಿ. ಗಿರಾಕಿಯೊಬ್ಬರ ಹೋಸ್ ಪೈಪು ಬದಲಾಯಿಸಿದೆ ಎಂದು ಹೇಳಿ, ಬಟ್ಟೆ ಸುತ್ತಿ ಕಳಿಸಿದಿರೆಂದು ನಾನು ನಿಮ್ಮನ್ನು ಈ ಗ್ಯಾರೇಜಿನಿಂದ ಹೋಗಿ ಅಂದೆನಲ್ಲ, ಇಷ್ಟು ಸಣ್ಣದಕ್ಕೆ ಗಂಡನನ್ನು ಬಿಡುತ್ತಾರಾ ಎಂದು ನಿಮ್ಮ ಅಕ್ಕ ಊರಿಗೆಲ್ಲ ಸಾರಿದರು. ಸಣ್ಣದಲ್ಲ ಎಂದು ಆಗ ನನಗೆ ಹೇಳಲು ಬಂದಿರಲಿಲ್ಲ.

ನಿಮಗೆ ಸೂಚನೆ ಇರಲಿಲ್ಲ ಎಂದೂ ಹೇಳಬೇಡಿ. ಬೆಳಿಗ್ಗೆ ಬೆಳಿಗ್ಗೆ ನಮ್ಮ ಬೀದಿಯ ಮೂಲೆಯಲ್ಲಿ ವ್ಯಾನು ನಿಲ್ಲಿಸುತ್ತೀರಿ. ಕಂಪ್ರೆಸರ್ ಗುರ್ ಎಂದು ಸುಮ್ಮನಾಗುತ್ತಿದ್ದದ್ದು, ಈಚೆಗೆ ನೀವು ಹೊರಡುವವರೆಗೂ ಗುರುಗುಟ್ಟುತ್ತಲೇ ಇತ್ತು. ನಾನು ಕಿವಿಗೊಟ್ಟು ಕಾಯುತ್ತಿದ್ದೆ ಅಂತಲ್ಲ, ಬಾಗಿಲು ತೆಗೆದೇ ಇರುತ್ತಿತ್ತು, ಅಷ್ಟೇ. ಎಲ್ಲೋ ಸೋರುತ್ತಿದೆ, ನೋಡಿಕೊಳ್ಳಲು ಹೇಳಿ ಎಂದು ನಿಮ್ಮ ಅಕ್ಕನ ಕೈಯಲ್ಲಿ ಹೇಳಿ ಕಳಿಸಿದೆ. ಅವಳಿಗೇನು ಗೊತ್ತು, ದೂರದಿಂದ ಕಾಯಿಲೆ ಕಂಡುಹಿಡಿಯೋಕೆ ಅವಳೇನು ಧನ್ವಂತರಿಯಾ ಎಂದಿರಂತೆ.

ಈಗ ನನ್ನ ಉತ್ತರ. ನಾಳೆ ಬೆಳಿಗ್ಗೆ ಮ್ಯಾನೇಜರ್ರು ವ್ಯಾನು ಒಯ್ಯಲು ಬರುತ್ತಾರೆ. ಹೊಸ ಚೀಲ ಹಾಕಿದ್ದೇನೆ, ಹೊಸ ಕಂಪ್ರೆಸರ್ ಹಾಕಿದ್ದೇನೆ, ದೀಪದ ಮೇಲಿನ ಟೇಪು ಕಿತ್ತಿದ್ದೇನೆ. ಹಳೆಯ ಚೀಲ ಮಾತ್ರ ಬೆಂಚಿನ ಮೇಲೇ ಇದೆ, ಅಪ್ಪನ ಕಾಲಿನ ಪಕ್ಕದಲ್ಲಿ. ಎರಡು ಗಂಟನ್ನೂ ನಾನು ಬಿಚ್ಚಿಲ್ಲ. ಬಂದು ನೀವೇ ಬಿಚ್ಚಿ. ಮ್ಯಾನೇಜರ್ರ ಮುಂದೆ, ಎಡಗೈಯಲ್ಲಿ, ಒಂದೇ ಎಳೆತಕ್ಕೆ. ಆಯಾಳ ತಪ್ಪಿಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಿ. ನೀವು ಬರದಿದ್ದರೆ ನಾನು ಹೇಳುತ್ತೇನೆ, ನನ್ನ ದನಿ ನಿಮಗೆ ಗೊತ್ತಲ್ಲ, ಮೈಕು ಬೇಕಿಲ್ಲದ ವಂಶ. ಕೆಲಸ ಹೋಗುತ್ತದೆ ನಿಮ್ಮದು. ಹೋಗಲಿ. ನಿಮ್ಮ ತಪ್ಪಿಗೆ ಬೇರೆಯವರು ಕಳೆದುಕೊಂಡ ಎರಡು ಕೆಲಸದಲ್ಲಿ ಒಂದಾದರೂ ವಾಪಸ್ ಬರಲಿ. ಬಡಗಿ ಎಲ್ಲಿದ್ದಾನೋ ಗೊತ್ತಿಲ್ಲ.

ಮನೆಗೆ ಬರುವ ವಿಚಾರ. ಆಸರೆ ತೆಗೆದಮೇಲೆ ಗ್ಯಾರೇಜಿನ ಬಾಗಿಲು ತಾನಾಗಿ ಮುಚ್ಚಿಕೊಂಡಿದೆ. ಬೇರೆ ಆಸರೆ ಹುಡುಕುವ ಮನಸ್ಸಿಲ್ಲ. ನಾಳೆ ಬಂದರೆ ಬೇರೆಯವರ ಹಾಗೆ ತಟ್ಟಿ, ತೆಗೆಯುತ್ತೇನೆ. ಕೆಲಸ ಮುಗಿದ ಮೇಲೆ ಬೇರೆಯವರ ಹಾಗೆಯೇ ಹೋಗಿ.

ಕಿತ್ತಳೆ ಹಣ್ಣು ತಂತಿ ಮಾವ ತಿಂದರು. ಹುಳಿ ಇದ್ದವಂತೆ.

ಇಂತಿ,
ಸಿಂಹಾಸನದಿಂದ ಬಿದ್ದವನ ಮಗಳು,
ಗಾಳಿಯಮ್ಮ

ಮರೆತ ಮಾತು: ಅಂಚೆಗೆ ಹಾಕಿದರೆ ನಾಳೆಯೊಳಗೆ ಮುಟ್ಟುವುದಿಲ್ಲವೆಂದು ಕೈಯಲ್ಲೇ ಕಳಿಸಿದ್ದೇನೆ. ಲಕೋಟೆಗೆ ಅಂಟು ಹಾಕಿಲ್ಲ, ಬೇಕೆಂದೇ ಹಾಕಿಲ್ಲ. ತಂದವಳಿಗೆ ಓದಲು ಬರುತ್ತದೆ, ಹೆಡ್‌ಮಾಸ್ಟರ್ರು ಚೆನ್ನಾಗಿ ಕಲಿಸಿದ್ದಾರೆ, ದಾರಿಯುದ್ದಕ್ಕೂ ಓದಿಕೊಂಡೇ ಬಂದಿರುತ್ತಾಳೆ. ಕೊನೇ ಸಾಲಿಗೂ ಕೇಳಿಸಬೇಕು ಎಂದೆನಲ್ಲ, ಅದು ಇವಳಿಗೆ. ನಿಮ್ಮ ಉತ್ತರ ಕೇಳಿಕೊಂಡೇ ಬಾ ಎಂದು ಹೇಳಿ ಕಳಿಸಿದ್ದೇನೆ. ನಿಮ್ಮ ಮುಂದೆಯೇ ನಿಂತಿದ್ದಾಳೆ. ಈಗ ತಲೆ ಎತ್ತಿ.